ತೆಗೆದಿಟ್ಟ ಸೀಸೆ

ಮಾನವ್ವನನ್ನು ಕೊಂದದ್ದು ನನ್ನ ರಕ್ತ. ಇದನ್ನು ನಾನೇ ಹೇಳುತ್ತೇನೆ. ಬೇರೆಯವರು ಹೇಳಿದರೆ ಅದರಲ್ಲಿ ದೇವರು, ಹಣೆಬರಹ ಎಲ್ಲ ಬಂದುಬಿಡುತ್ತವೆ. ದೇವರು ಅಲ್ಲಿರಲಿಲ್ಲ. ಗೌಡ ಇದ್ದ, ಗೌಡನ ತಮ್ಮ ಇದ್ದ, ಡಾಕ್ಟರ್ ಇದ್ದ, ನಾನಿದ್ದೆ.

ನನ್ನ ಹೆಸರು ಉಡಚಪ್ಪ. ಊರು ಮುಶಿಗೇರಿ, ಮನೆ ಹೊಲಗೇರಿಯಲ್ಲಿ. ನನ್ನಪ್ಪ ಗುರುಸಂಗಪ್ಪ ಗೌಡನ ಹೊಲದಲ್ಲಿ ದುಡಿದು ಸತ್ತ. ನಾನೂ ಅದೇ ಹೊಲದಲ್ಲಿ ದುಡಿಯುತ್ತಿದ್ದೆ. ಮಾನವ್ವ ನನ್ನ ಹೆಂಡತಿ. ಶಿರೋಳದ ಹೆಣ್ಣು. ಎದುರಿಗೆ ಯಾರೇ ಇರಲಿ, ಅನ್ನಬೇಕಾದ್ದನ್ನು ಅಂದುಬಿಡುತ್ತಿದ್ದಳು. ಕೇರಿಯ ಹೆಂಗಸರು ಅದಕ್ಕೇ ಅವಳನ್ನು ಹೊಗಳುತ್ತಿದ್ದರು, ಅದಕ್ಕೇ ಬೈಯುತ್ತಿದ್ದರು.

ಕರ್ನಾಟಕ ಒಂದಾಯಿತೆಂದು ಗೌಡ ಚಾವಡಿಯಲ್ಲಿ ಪೇಢೆ ಹಂಚಿ ಮೂರು ತಿಂಗಳಾಗಿತ್ತು. ಪೇಢೆ ನಮ್ಮ ಕೇರಿಯವರೆಗೆ ಬರಲಿಲ್ಲ, ಅದು ಬೇರೆ ಮಾತು. ಬಿಳಿಜೋಳದ ಸುಗ್ಗಿ ನಡೆದಿತ್ತು. ಹನ್ನೊಂದು ಜನ ಗಂಡಸರು ಜೋಳ ಕಿತ್ತು ಮಲಗಿಸುತ್ತ ಮುಂದೆ ಹೋಗುತ್ತಿದ್ದೆವು. ಹಿಂದೆ ಹೆಂಗಸರು ಕುಡುಗೋಲಿನಿಂದ ತೆನೆ ಕೊಯ್ಯುತ್ತಿದ್ದರು. ಕಪ್ಪು ನೆಲ ಒಡೆದು ಬಾಯಿ ಬಿಟ್ಟಿತ್ತು. ಅಂಗೈಯ ಚರ್ಮ ಕಿತ್ತು ಜೋಳದ ದಂಟಿಗೆ ಅಂಟುತ್ತಿತ್ತು.

ಗೌಡನ ತಮ್ಮ ಈಶಪ್ಪ ಬಂಡಿ ಹೊಡೆದುಕೊಂಡು ಹೊಲದೊಳಕ್ಕೇ ಬಂದ. ಬಂಡಿಯಿಂದ ಇಳಿಯಲಿಲ್ಲ.

"ಗಂಡಸರೆಲ್ಲಾ ಹತ್ರಿ. ಗಜೇಂದ್ರಗಡಕ್ಕ ಹೋಗೋದೈತಿ. ಗೌರವ್ವ ಹಡದಾಳ. ರಕ್ತ ನಿಲ್ಲವಲ್ದು. ಡಾಕ್ಟರ ರಕ್ತ ಬೇಕಂದಾನ."

ಗೌರವ್ವ ಅಂದರೆ ಗೌಡನ ಸೊಸೆ, ಒಬ್ಬನೇ ಮಗ ಪ್ರಭುಲಿಂಗಪ್ಪನ ಹೆಂಡತಿ. ಅವಳ ಮೇಲೆ ನಮಗೆ ಸಿಟ್ಟಿರಲಿಲ್ಲ. ಆದರೆ ರಕ್ತ ಕೊಡುವುದೆಂದರೆ ಏನೆಂದು ನಮಗೆ ಗೊತ್ತಿರಲಿಲ್ಲ. ಕುತ್ತಿಗೆ ಕೊಯ್ಯುತ್ತಾರೋ, ಕೈ ಕೊಯ್ಯುತ್ತಾರೋ. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು.

ಮಾನವ್ವ ಕುಡುಗೋಲು ಹಿಡಿದುಕೊಂಡೇ ಬಂಡಿಯ ಮುಂದೆ ಬಂದಳು.

"ಸಣ್ಣಗೌಡ್ರ, ನನ್ನ ಗಂಡಗ ಎರಡ ವರ್ಷದ ಹಿಂದ ಕಾಮಣಿ ಆಗಿತ್ರಿ. ಕಣ್ಣು, ಉಗುರು ಎಲ್ಲಾ ಹಳದಿ. ಮೂರ ತಿಂಗಳ ಹಾಸಿಗಿ ಹಿಡದಿದ್ದ. ಅವನ ಮೈಯಾಗ ಅವಗ ಸಾಲೋವಷ್ಟ ರಕ್ತ ಇಲ್ಲ. ಅವನ್ನ ಬಿಡ್ರಿ."

"ಬಾಜೂ ಸರಿ."

"ನಿಮ್ಮ ಮನ್ಯಾಗ ಆರ ಮಂದಿ ಗಂಡಸರು ಅದೀರಿ. ನಿಮ್ಮ ಮೈಯಾಗ ರಕ್ತ ಇಲ್ಲೇನ್ರಿ?"

ಈಶಪ್ಪ ಆಗ ಇಳಿದ. ಇಳಿದವನೇ ಅವಳ ಹೊಟ್ಟೆಗೆ ಒದ್ದ. ಮಾನವ್ವ ಮುಗ್ಗರಿಸಿ ಬಿದ್ದಳು. ಕುಡುಗೋಲು ಅವಳ ಕೈಯಲ್ಲೇ ಇತ್ತು. ಅದರ ತುದಿ ಅವಳ ತೊಡೆಗೆ ನಾಲ್ಕು ಬೆರಳು ಇಳಿಯಿತು. ಅವಳು ಅದನ್ನು ಎಳೆದು ತೆಗೆದಳು. ತೆಗೆಯಬಾರದಿತ್ತು. ರಕ್ತ ಚಿಮ್ಮಿ ಜೋಳದ ತೆನೆಗಳ ಮೇಲೆ ಬಿತ್ತು.

ನಾನು ಓಡಿದೆ. ಎರಡು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಬಾರುಕೋಲು ಮುಖಕ್ಕೆ ಬಡಿಯಿತು. ಗೌಡನ ಇಬ್ಬರು ಆಳುಗಳು ನನ್ನನ್ನು ಎತ್ತಿ ಬಂಡಿಯಲ್ಲಿ ಒಗೆದರು. ತಿರುಗಿ ನೋಡಿದಾಗ ನೆರೆಮನೆಯ ಶಂಕ್ರವ್ವ ಸೆರಗು ಹರಿದು ಮಾನವ್ವನ ತೊಡೆಗೆ ಬಿಗಿಯುತ್ತಿದ್ದಳು. ಅಷ್ಟೇ ಕಂಡದ್ದು.

ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಆ ಡಾಕ್ಟರ್ ಹೊಸದಾಗಿ ದವಾಖಾನೆ ತೆರೆದಿದ್ದ. ಮುಂಬಯಿಯಲ್ಲಿ ಓದಿ ಬಂದವನು, ವಯಸ್ಸು ಮೂವತ್ತರ ಮೇಲಿಲ್ಲ. ಕನ್ನಡಕ ಹಾಕುತ್ತಿದ್ದ. ನಮ್ಮನ್ನು ಪಡಸಾಲೆಗೆ ಹತ್ತಗೊಡಲಿಲ್ಲ, ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿದರು. ನಮ್ಮ ಮೈ ಪಡಸಾಲೆಗೆ ಆಗದು. ಮೈಯೊಳಗಿನದು ಸೊಸೆಗೆ ಆಗುತ್ತದೆ. ಗೌಡನ ಮನೆಯ ಗಂಡಸರು ಪಡಸಾಲೆಯ ಮೇಲೆ ಗಾದಿ ಹಾಸಿಕೊಂಡು ಕೂತಿದ್ದರು. ಒಬ್ಬನಾದರೂ ತೋಳು ಏರಿಸಿರಲಿಲ್ಲ.

ಡಾಕ್ಟರ್ ಬಾಗಿಲಿಗೆ ಬಂದು ಹೇಳಿದ, "ಒಂದು ಮಾತು ಗೌಡ್ರ. ಕಾಮಣಿ ಆದವರ ರಕ್ತ ನನಗ ಬ್ಯಾಡ. ಆ ಬ್ಯಾನಿ ರಕ್ತದಾಗ ಉಳದಿರತದ. ಇನ್ನೊಬ್ಬರಿಗೆ ಹಾಕಿದರ ಎರಡು ಮೂರು ತಿಂಗಳಿಗೆ ಅವರಿಗೆ ಏಳತದ. ಮುಂಬಯಿಯೊಳಗ ಇದರಿಂದ ಸತ್ತವರನ್ನ ನೋಡೇನಿ."

"ಪರೀಕ್ಷಾ ಮಾಡ್ರಲ್ಲ," ಎಂದ ಗೌಡ.

"ಇದಕ್ಕ ಪರೀಕ್ಷಾ ಇಲ್ಲರಿ. ಯಾವ ದೇಶದಾಗೂ ಇನ್ನೂ ಹುಟ್ಟಿಲ್ಲ. ಕೊಡಾವನ್ನ ಕೇಳಬೇಕು, ಅಷ್ಟ."

ಕಂಪೌಂಡರ್ ನಮ್ಮ ಸೀಮೆಯವನು. ಅವನು ನಕ್ಕ. "ಇವರನ್ನ ಕೇಳೋದೇನ್ರಿ ಸಾಹೇಬ್ರ. ಈ ಮಂದಿಗೆ ಕಾಮಣಿ ಆದರ ಕಾಶೀಂಬಿ ಕಡೆ ಬರಿ ಹಾಕಿಸಿಕೋತಾರ. ಎಡಗೈ ನೋಡಿದರ ಮುಗೀತು."

ಅವನು ಹೇಳಿದ್ದು ಖರೆ. ಕಾಶೀಂಬಿ ನಮ್ಮೂರಿನ ಮುದುಕಿ. ಕಾಮಣಿ ಆದವರ ಮುಂಗೈ ಮೇಲೆ ಕಬ್ಬಿಣದ ಕಡ್ಡಿ ಕಾಯಿಸಿ ಮೂರು ಗೆರೆ ಎಳೆಯುತ್ತಾಳೆ. ಸುತ್ತಲಿನ ಹತ್ತು ಊರಿನ ಬಡವರ ಕೈಮೇಲೆ ಅವಳ ಗೆರೆ ಇವೆ. ಆದರೆ ಕಂಪೌಂಡರನಿಗೆ ಅರ್ಧ ಗೊತ್ತಿತ್ತು. ಕಾಶೀಂಬಿ ಎಡಗೈ ಎಂದು ನೋಡಿ ಸುಡುವುದಿಲ್ಲ. ದುಡಿಯುವ ಕೈ ಬಿಟ್ಟು ಇನ್ನೊಂದು ಕೈಗೆ ಸುಡುತ್ತಾಳೆ, ಮರುದಿನವೇ ಕೆಲಸಕ್ಕೆ ಹೋಗಬೇಕಲ್ಲ. ನಾನು ಎಡಚ. ಕುಡುಗೋಲು, ಗುದ್ದಲಿ ಎಲ್ಲ ಎಡಗೈ. ನನ್ನ ಬರೆ ಬಲಗೈ ಮೇಲಿತ್ತು.

ಕಂಪೌಂಡರ್ ಸಾಲಾಗಿ ನಿಲ್ಲಿಸಿ ಎಡಗೈ ಹಿಡಿದು ತಿರುವಿ ನೋಡಿದ. ನಾಲ್ವರ ಕೈಯಲ್ಲಿ ಬರೆ ಕಂಡವು. ಅವರನ್ನು ಕುತ್ತಿಗೆ ಹಿಡಿದು ಗೇಟಿನಾಚೆ ದಬ್ಬಿದರು. ನನ್ನ ಎಡಗೈ ನೋಡಿ, "ಇದು ಸ್ವಚ್ಛ," ಎಂದ.

"ನನಗ ಕಾಮಣಿ ಆಗಿತ್ರಿ," ಎಂದು ಬಲಗೈ ತೋಳು ಏರಿಸಹೋದೆ.

ಹಿಂದಿನಿಂದ ಈಶಪ್ಪ ಕಪಾಳಕ್ಕೆ ಹೊಡೆದ. "ಹೆಂಡತಿ ಒಂದ ಹಾಡು, ಗಂಡನೂ ಅದ ಹಾಡು. ತಪ್ಪಿಸಿಕೊಳ್ಳಾಕ ನೋಡತಿಯೇನೋ ಭಾಡ್ಯಾ."

ಬೆರಳು ಚುಚ್ಚಿ ಬಿಳಿ ಬಿಲ್ಲೆಯ ಮೇಲೆ ಹನಿ ಕಲಸಿ ನೋಡಿದರು. ಏಳು ಜನರಲ್ಲಿ ಐವರ ರಕ್ತ ಗೌರವ್ವನಿಗೆ ಹೊಂದಿತು. ನಾನೊಬ್ಬ, ಕಾಶೀಂಬಿಯ ಮಗ ಮದರಸಾಬ ಒಬ್ಬ, ಇನ್ನು ಮೂವರು ಕೇರಿಯ ಹುಡುಗರು. ನಾನು ಎತ್ತರದವನೆಂದು ಮೊದಲು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದರು. ಕಂಪೌಂಡರ್ ತೋಳಿಗೆ ರಬ್ಬರ್ ಬಿಗಿಯುವಾಗ ಮತ್ತೊಮ್ಮೆ ಹೇಳಿದೆ. "ಸುಮ್ನ ಬಿದ್ದಕೋ," ಎಂದ. ಸೂಜಿ ದಬ್ಬಣದಷ್ಟಿತ್ತು. ಎರಡು ಸಲ ತಪ್ಪಿತು, ಮೂರನೆಯ ಸಲ ನರ ಸಿಕ್ಕಿತು. ರಬ್ಬರ್ ನಳಿಗೆಯಲ್ಲಿ ನನ್ನ ರಕ್ತ ಸೀಸೆಗೆ ಇಳಿಯಿತು.

ಸೂಜಿ ಕಿತ್ತು, "ಹತ್ತಿ ಒತ್ತಿ ಹಿಡಿ," ಎಂದರು. ನಾನು ಬಲಗೈ ಚಾಚಿ ಎಡಗೈ ಮೊಣಕೈ ಒತ್ತಿದೆ. ಅಂಗಿಯ ತೋಳು ಹಿಂದೆ ಸರಿಯಿತು. ಆಗಲೇ ಒಳಗೆ ಬಂದ ಡಾಕ್ಟರ್ ಮೂರು ಗೆರೆ ನೋಡಿದ.

"ಇದೇನು?" ಎಂದು ಕಿರುಚಿದ. ಕಂಪೌಂಡರನ ಮುಖ ಬಿಳಿಚಿತು. ಡಾಕ್ಟರ್ ಸೀಸೆ ಕಸಿದುಕೊಂಡ. ಒಗೆಯುತ್ತಾನೆಂದುಕೊಂಡೆ. ಒಗೆಯಲಿಲ್ಲ. ಮೂಲೆಯ ಮೇಜಿನ ಮೇಲೆ ತೆಗೆದಿಟ್ಟು, "ಮುಂದಿನವನ್ನ ಕರಿ. ಎರಡೂ ಕೈ ನೋಡು, ಕತ್ತೆ," ಎಂದ.

ಮದರಸಾಬನ ರಕ್ತ ಗೌರವ್ವನ ಮೈಗೆ ಹೋಯಿತು. ಅವಳು ಉಳಿದಳು. ಉಳಿಯಲಿ.

ನನ್ನನ್ನು ಅಂಗಳಕ್ಕೆ ಎಳೆದು ತಂದರು. ಈಶಪ್ಪ ಬಾರುಕೋಲಿನಿಂದ ಹೊಡೆದ. "ಬರಿ ಮುಚ್ಚಿಟ್ಟು ನಮ್ಮ ಸೊಸಿನ್ನ ಕೊಲ್ಲಾಕ ಬಂದಿದ್ದೇನ? ಹೇಳು, ಯಾರ ಹೇಳಿಕೊಟ್ಟರು?" ಒಂದು ಸೀಸೆ ರಕ್ತ ಹೋದ ಮೈ ನಿಲ್ಲಲಿಲ್ಲ. ಬೇವಿನ ಮರದ ಬೇರಿನ ಮೇಲೆ ಬಿದ್ದೆ. ಬಿದ್ದ ಮೇಲೂ ಹೊಡೆದ. ಹೇಳಿದರೆ ಸುಳ್ಳುಗಾರ, ಬರೆ ಕಂಡರೆ ಕೊಲೆಗಾರ. ಅವರ ಮುಂದೆ ನಾವು ಇನ್ನೇನಾಗಲು ಸಾಧ್ಯ?

ಬಿಸಿಲು ಇಳಿಯುವ ಹೊತ್ತಿಗೆ ಶಂಕ್ರವ್ವ ಯಾರದೋ ಬಂಡಿ ಕಾಡಿ ಬೇಡಿ ಮಾನವ್ವನನ್ನು ತಂದಳು. ಬಂಡಿಯ ಹಲಗೆಯೆಲ್ಲ ಕೆಂಪಾಗಿತ್ತು. ಮಾನವ್ವನ ತುಟಿ ಸುಣ್ಣದಂತೆ ಇತ್ತು. ನಾನು ಕೂಗಿದರೆ ಕಣ್ಣು ಅರ್ಧ ತೆರೆಯುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು.

ಡಾಕ್ಟರ್ ಕೆಟ್ಟವನಾಗಿರಲಿಲ್ಲ. ಓಡಿ ಬಂದ. ಬಂಡಿಯಲ್ಲೇ ಗಾಯ ಹೊಲಿದ. ನಾಡಿ ಹಿಡಿದ. ಬೆರಳು ಚುಚ್ಚಿ ಹನಿ ನೋಡಿದ.

"ರಕ್ತ ಬೇಕು. ಈಗಿಂದೀಗ. ಇಲ್ಲಾಂದ್ರ ಹೊತ್ತು ಮುಳುಗೂದರೊಳಗ ಹೋಗತಾಳ," ಎಂದ. ಆಮೇಲೆ, "ಆ ಐದೂ ಮಂದೀ ರಕ್ತ ಈಕಿಗೂ ಹೊಂದತದ," ಎಂದ.

ಮೂವರೂ ಹುಡುಗರು ಓಡಿ ಬಂದರು. ಎರಡೂ ಕೈ ಸ್ವಚ್ಛ ಇದ್ದ ಹುಡುಗರು. ಸಣ್ಣವನು ಆಗಲೇ ಅಂಗಿ ಕಳೆದಿದ್ದ. "ನಂದ ತಗೋರಿ ಸಾಹೇಬ್ರ."

ಗೌಡ ಪಡಸಾಲೆಯಿಂದ ಎದ್ದು ನಿಂತ. ದನಿ ಏರಿಸಲಿಲ್ಲ. ಅವನಿಗೆ ಆ ಅಗತ್ಯವೇ ಬೀಳುವುದಿಲ್ಲ.

"ಇವರನ್ನ ನಮ್ಮ ಸೊಸಿ ಸಲುವಾಗಿ ಕರಕೊಂಡ ಬಂದೇನಿ. ಆಕಿಗೆ ಮತ್ತ ರಕ್ತ ಹೋದರ? ಆಗ ಎಲ್ಲಿಂದ ತರಲಿ? ಈ ಮೂವರೂ ಇಲ್ಲೇ ಕುಂತಿರಬೇಕು. ಒಂದ ಹನಿ ಬ್ಯಾರೆ ಕಡೆ ಹೋಗಬಾರದು."

"ಗೌಡ್ರ, ನಿಮ್ಮ ಸೊಸಿ ಈಗ ಆರಾಮ ಇದ್ದಾರ," ಎಂದ ಡಾಕ್ಟರ್.

"ಈ ದವಾಖಾನಿ ಜಾಗಾ ನಂದು ಡಾಕ್ಟರ್. ನೆನಪಿರಲಿ."

ಡಾಕ್ಟರ್ ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಒರೆಸಿದ. ಆಮೇಲೆ ನನ್ನ ಹತ್ತಿರ ಬಂದು ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತ. ಓದಿದವನೊಬ್ಬ ನನ್ನೆದುರು ನೆಲಕ್ಕೆ ಕೂತದ್ದು ಅದೇ ಮೊದಲು.

"ನಿನ್ನ ಸೀಸೆ ಒಳಗ ಅದ," ಎಂದ. "ನಾಳಿಗೆ ಅದು ಕೆಡತದ. ಹಾಕದಿದ್ದರ ಈಕಿ ಈಗ ಸಾಯೋದು ಖರೆ. ಹಾಕಿದರ ಈಗ ಉಳೀತಾಳ. ಮುಂದ ಕಾಮಣಿ ಬಂದೀತು, ಬರಲಿಕ್ಕಿಲ್ಲ. ಬಂದರೂ ಎಲ್ಲಾರೂ ಸಾಯೋದಿಲ್ಲ. ಹತ್ತರಾಗ ಒಬ್ಬರಿಗೋ, ನೂರರಾಗ ಒಬ್ಬರಿಗೋ, ನನಗ ಗೊತ್ತಿಲ್ಲ. ನೀನ ಹೇಳು. ಹಾಕಲೋ, ಬಿಡಲೋ?"

"ಆ ಹುಡುಗರದು?"

ಅವನು ಪಡಸಾಲೆಯ ಕಡೆ ನೋಡಿದ, ಮತ್ತೆ ನನ್ನ ಕಡೆ ನೋಡಿದ.

ಹತ್ತು ಮಾರು ದೂರದಲ್ಲಿ ಒಳ್ಳೆಯ ರಕ್ತ ಮೂರು ಜೊತೆ ಕಾಲ ಮೇಲೆ ನಿಂತಿತ್ತು. ಕೊಡುತ್ತೇನೆ ಎನ್ನುತ್ತಿತ್ತು. ಅದು ಗೌಡನ ಸೊಸೆಗೆ ಬೇಕಾದೀತೆಂದು ಕಾಯಬೇಕು. ಅವಳಿಗೆ ಬೇಡವಾದದ್ದು ನನ್ನ ಹೆಂಡತಿಗೆ. ಇದನ್ನು ಲೆಕ್ಕ ಎನ್ನುತ್ತಾರೆ. ತೂಗಿ ನೋಡುವುದು ಎನ್ನುತ್ತಾರೆ. ತಕ್ಕಡಿಯನ್ನು ಗೌಡನ ಕೈಯಲ್ಲಿಟ್ಟು, ತೂಕ ನೀನೇ ಹೇಳು ಎಂದು ನನ್ನನ್ನು ಕೇಳಿದರು.

"ಹಾಕ್ರಿ," ಎಂದೆ.

ಮಾನವ್ವ ಉಳಿದಳು. ತಿಂಗಳೊಪ್ಪತ್ತಿನಲ್ಲಿ ಕುಂಟುತ್ತ ನೀರು ತರುವಷ್ಟಾದಳು. ನಾನು ಅವಳಿಗೆ ಎಲ್ಲ ಹೇಳಿದ್ದೆ. ಅವಳು ತಮಾಷೆ ಮಾಡುತ್ತಿದ್ದಳು. "ನಿನ್ನ ರಕ್ತ ಬಂದಾಗಿಂದ ರೊಟ್ಟಿ ಬಡಿಯಾಕೂ ಎಡಗೈ ಮುಂದ ಬರತೈತಿ ನೋಡು." ನಾನು ನಗುತ್ತಿದ್ದೆ. ನಗುತ್ತಲೇ ದಿನ ಎಣಿಸುತ್ತಿದ್ದೆ. ಅರವತ್ತು ದಾಟಿತು. ಎಪ್ಪತ್ತು ದಾಟಿತು. ಇನ್ನು ಗೆದ್ದೆವು ಅಂದುಕೊಂಡೆ.

ಎಂಬತ್ತನಾಲ್ಕನೆಯ ದಿನ ಅವಳು ಉಂಡದ್ದನ್ನೆಲ್ಲ ಕಾರಿದಳು. ಮೂರು ದಿನಕ್ಕೆ ಕಣ್ಣು ಹಳದಿಯಾಯಿತು.

ಕಾಶೀಂಬಿ ಬಂದು ಬರೆ ಹಾಕಿದಳು. ಕಬ್ಬಿಣ ಚರ್ಮಕ್ಕೆ ತಾಗಿದಾಗ ಮಾನವ್ವ ಹಲ್ಲು ಕಚ್ಚಿದಳೇ ಹೊರತು ಕೂಗಲಿಲ್ಲ. ಕಾಮಣಿ ಇಳಿಯಲಿಲ್ಲ. ಹೊತ್ತುಕೊಂಡು ಗಜೇಂದ್ರಗಡಕ್ಕೆ ಹೋದೆ. ಡಾಕ್ಟರ್ ಕಣ್ಣು ನೋಡಿದ. ಆಮೇಲೆ ನೆಲ ನೋಡಿದ.

"ನಾ ಹೇಳಿದ್ದೆನಲ್ಲೋ," ಎಂದ.

"ಹೌದ್ರಿ. ಹೇಳಿದ್ರಿ."

"ಇದಕ್ಕ ಔಷಧ ಇಲ್ಲ."

ಏಳು ದಿನ. ಹೊಟ್ಟೆ ಉಬ್ಬಿತು. ಮೂಗಿನಿಂದ, ಒಸಡಿನಿಂದ ರಕ್ತ ಬಂತು. ಅದು ಅವಳದೋ ನನ್ನದೋ. ಕೊನೆಯ ಎರಡು ದಿನ ನನ್ನ ಗುರುತು ಹತ್ತಲಿಲ್ಲ. ಹಾಸಿಗೆಯಲ್ಲಿ ಹೊರಳಾಡಿ ನನ್ನನ್ನು ಪರಚಿದಳು, ಕಚ್ಚಿದಳು, ಈಶಪ್ಪನ ಹೆಸರು ಹಿಡಿದು ಬೈದಳು. ನಾನೇ ಈಶಪ್ಪ ಎಂದುಕೊಂಡಿದ್ದಳು. ನಾನು ಅವಳ ಎರಡೂ ಕೈ ಹಿಡಿದು ಕೂತಿದ್ದೆ. ಬೆಳಗಿನ ಹೊತ್ತು ಹೋದಳು. ಮೈ ಅರಿಷಿಣ ಬಳಿದಂತೆ ಇತ್ತು. ಮದುವೆಯ ದಿನ ಕೂಡ ಅಷ್ಟು ಅರಿಷಿಣ ಅವಳ ಮೈಗೆ ಸಿಕ್ಕಿರಲಿಲ್ಲ.

ಮಣ್ಣು ಮಾಡಿ ಬಂದ ಮೂರನೆಯ ದಿನ ನಾನು ಕಾಶೀಂಬಿಯ ಮನೆಗೆ ಹೋದೆ. ಹಿಂದೆ ಮದರಸಾಬ, ಆ ಮೂವರು ಹುಡುಗರು, ಕೇರಿಯ ಇನ್ನೂ ಏಳೆಂಟು ಜನ ಬಂದರು. ಅಂಗಳದಲ್ಲಿ ಒಲೆ ಉರಿಯುತ್ತಿತ್ತು.

"ಯವ್ವಾ, ಇವರೆಲ್ಲಾರಿಗೂ ಬರಿ ಹಾಕು," ಎಂದೆ.

"ಯಾರಿಗೆ ಕಾಮಣಿ ಆಗೇತಿ?"

"ಯಾರಿಗೂ ಆಗಿಲ್ಲ. ಕೈ ಸ್ವಚ್ಛ ಇದ್ದವರನ್ನ ಗೌಡ ದನಾ ಕೂಡಿ ಹಾಕಿದಂಗ ಕೂಡಿ ಹಾಕತಾನ. ಅವರ ರಕ್ತ ಅವರ ಮಂದೀಗೆ ಕೊಡಗೊಡಂಗಿಲ್ಲ. ಇನ್ನ ಮ್ಯಾಲೆ ಈ ಕೇರ್ಯಾಗ ಒಂದೂ ಸ್ವಚ್ಛ ಕೈ ಇರಬಾರದು."

ಮುದುಕಿ ಕಡ್ಡಿ ಹಿಂದೆ ಮುಚ್ಚಿಟ್ಟುಕೊಂಡಳು. "ಬ್ಯಾನಿ ಇಲ್ಲದ ಮೈಗೆ ನಾ ಇದನ್ನ ಮುಟ್ಟಸಂಗಿಲ್ಲ. ನಮ್ಮತ್ತಿ ಕಲಿಸಿದ ವಿದ್ಯಾ ಇದು. ನನ್ನ ಕೈಲೆ ಪಾಪಾ ಮಾಡಸಬ್ಯಾಡ್ರಿ."

ಮದರಸಾಬ ತಾಯಿಯ ಕೈಯಿಂದ ಕಡ್ಡಿ ಕಿತ್ತುಕೊಂಡು ಕೆಂಡಕ್ಕೆ ಇಟ್ಟ. ಕೆಂಪಾದ ಮೇಲೆ ತೆಗೆದು ತನ್ನ ಎಡಗೈ ಮೇಲೆ ತಾನೇ ಒತ್ತಿದ. ಮಾಂಸ ಚುರ್ ಎಂದಿತು. ಗೆರೆ ಸೊಟ್ಟಗಾಯಿತು. ಅವನ ಗಂಟಲಿನಿಂದ ದನದಂಥ ದನಿ ಬಂತು.

"ಏ ಹುಚ್ಚ ನನ್ನ ಮಗನಾ!" ಕಾಶೀಂಬಿ ಕಡ್ಡಿ ಕಸಿದುಕೊಂಡು ಅವನ ತಲೆಗೆ ಕುಟ್ಟಿದಳು. ಅಳುತ್ತಿದ್ದಳು. "ಹಂಗ ಸುಟ್ಟುಕೊಂಡರ ನರಾ ಹೋಗತೈತಿ. ಕೈ ಬೀಳತೈತಿ. ಕೂಡ್ರು ಇಲ್ಲೆ. ನಾ ಹಾಕತೇನಿ."

ಆ ದಿನ ಅವಳು ಹನ್ನೆರಡು ಕೈಗಳಿಗೆ ಬರೆ ಹಾಕಿದಳು. ಬೈಯುತ್ತ ಹಾಕಿದಳು, ಅಳುತ್ತ ಹಾಕಿದಳು. ಮೂರು ಮೂರು ಗೆರೆ. ಅಂಗಳದ ತುಂಬ ಸುಟ್ಟ ಚರ್ಮದ ವಾಸನೆ. ಸಣ್ಣ ಹುಡುಗ ಉಚ್ಚೆ ಹೊಯ್ದುಕೊಂಡ, ಆದರೆ ಕೈ ಹಿಂದೆ ತೆಗೆಯಲಿಲ್ಲ. ನನಗೆ ಹೊಸ ಬರೆ ಬೇಕಿರಲಿಲ್ಲ. ಆದರೂ ಎಡಗೈ ಚಾಚಿದೆ. ಅಂದಿನಿಂದ ನನ್ನ ಎರಡೂ ಕೈ ಸುಟ್ಟ ಕೈ.

ಕಾರಹುಣ್ಣಿಮೆಯ ದಿನ ಎತ್ತು ಓಡಿಸುವಾಗ ಗೌಡನ ಮನೆಯ ಹೋರಿಯೇ ಪ್ರಭುಲಿಂಗಪ್ಪನನ್ನು ತಿವಿಯಿತು. ತೊಡೆಯ ಸಂದಿಯಲ್ಲಿ ಕೋಡು ಇಳಿದು ನರ ಹರಿಯಿತು. ಅವನನ್ನು ಗಜೇಂದ್ರಗಡಕ್ಕೆ ಒಯ್ದ ಒಂದು ತಾಸಿಗೆ ಈಶಪ್ಪ ಕೇರಿಯ ಬಾಯಿಗೆ ಬಂಡಿ ತಂದ.

"ಹತ್ರಿ!"

ನಾವು ಒಂದು ಮಾತೂ ಆಡದೆ ಹತ್ತಿದೆವು. ಅವನಿಗೆ ಆಶ್ಚರ್ಯವಾಗಿರಬೇಕು. ನಮಗೆ ತೋರಿಸಬೇಕಾಗಿತ್ತು.

ಅದೇ ಅಂಗಳ. ಗೌಡ ಪಡಸಾಲೆಯಿಂದ ಇಳಿದು ನಮ್ಮ ನಡುವೆ ಬಂದಿದ್ದ. ಧೋತರಕ್ಕೆಲ್ಲ ಮಗನ ರಕ್ತ. "ಲಗೂ ಅಂಗಿ ಕಳೀರಿ," ಎಂದ. ಕಳೆದೆವು. ಹನ್ನೆರಡೂ ಜನ ಕೈ ಮೇಲೆತ್ತಿದೆವು. ಎರಡು ವಾರದ ಗಾಯಗಳು, ಕೆಲವಕ್ಕೆ ಹೆಕ್ಕಳ ಕಟ್ಟಿತ್ತು, ಕೆಲವು ಇನ್ನೂ ಹಸಿ ಇದ್ದವು.

ಕಂಪೌಂಡರ್ ಒಂದೊಂದೇ ಕೈ ನೋಡುತ್ತ ಬಂದ. ಕೊನೆಗೆ ಬಂದು ನಿಂತುಬಿಟ್ಟ.

"ಇವು ಎಲ್ಲಾ ಹೊಸಾವು," ಎಂದ ಡಾಕ್ಟರ್.

"ಕಾಮಣಿ ಹೊಸದಾಗಿ ಬಂತ್ರಿ," ಎಂದೆ. "ಕೇರೀಗೆ ಕೇರೀನ ಬಂತು. ಪರೀಕ್ಷಾ ಇದ್ದರ ಮಾಡ್ರಿ."

ಅವನು ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು.

ಈಶಪ್ಪನ ಬಾರುಕೋಲು ಬೀಸಿತು. ನನ್ನ ಕಿವಿ ಹರಿಯಿತು. ಮದರಸಾಬನ ಬೆನ್ನ ಮೇಲೆ ಗೆರೆ ಎದ್ದವು. ಸಣ್ಣ ಹುಡುಗ ಮೊಣಕಾಲೂರಿದ. ಯಾರೂ ಕೈ ಇಳಿಸಲಿಲ್ಲ. ಈಶಪ್ಪ ಹೊಡೆದು ಹೊಡೆದು ದಣಿದ. ಕೊನೆಗೆ ನಾನು ಬಾರುಕೋಲನ್ನು ಗಾಳಿಯಲ್ಲೇ ಹಿಡಿದೆ. ಎಡಗೈಯಲ್ಲಿ ಹಿಡಿದೆ. ಹಸಿ ಬರೆ ಒಡೆದು ಕೀವು, ರಕ್ತ ಇಳಿಯಿತು. ಎಳೆದುಕೊಂಡು ಮೊಣಕಾಲಿಗೆ ಕೊಟ್ಟು ಮುರಿದೆ.

"ಇನ್ನ ಹೊಡದರ ಕೈ ಮುರೀತೇನಿ," ಎಂದೆ. ಅವನು ಹಿಂದೆ ಸರಿದ.

"ಗೌಡ್ರ," ಎಂದ ಡಾಕ್ಟರ್, "ಹೊತ್ತಿಲ್ಲ. ನಿಮ್ಮ ಮಂದೀದು ಕೊಡಸ್ರಿ. ಈಶಪ್ಪನವರ, ನೀವು ಬರ್ರಿ."

ಈಶಪ್ಪ ತನಗೆ ತಲೆ ತಿರುಗುತ್ತದೆ ಎಂದ. ಊರಿನಿಂದ ಬೇರೆ ಆಳು ತರುತ್ತೇನೆ ಎಂದು ಬಂಡಿ ಹತ್ತಿ ಹೋದ. ಗೌಡನ ಅಣ್ಣತಮ್ಮಂದಿರ ಮೂವರು ಗಂಡುಮಕ್ಕಳು ಅದೇ ಬಂಡಿಯ ಹಿಂದೆ ನಡೆದರು. ಒಳಗಿನಿಂದ ಪ್ರಭುಲಿಂಗಪ್ಪನ ನರಳಾಟ ಕೇಳುತ್ತಿತ್ತು, ಅದೂ ಸಣ್ಣದಾಗುತ್ತ ಬಂತು.

ಗೌಡ ಕೋಟು ಕಳೆದ. ಅಂಗಿಯ ತೋಳು ಏರಿಸಿದ. ಬಿಳಿಯ, ಮೆತ್ತನೆಯ ಕೈ. ಒಂದು ಗೆರೆಯಿಲ್ಲ.

"ನಂದು ತಗೋರಿ," ಎಂದ.

ಹನಿ ಹೊಂದಿತು. ಡಾಕ್ಟರ್ ಕೇಳಿದ, "ನಿಮಗ ಎಂದರ ಕಾಮಣಿ ಆಗಿತ್ತೇನ್ರಿ?"

"ಇಲ್ಲ."

ನನಗೆ ಗೊತ್ತಿತ್ತು. ಐದು ವರ್ಷದ ಹಿಂದೆ ಗೌಡ ತಿಂಗಳುಗಟ್ಟಲೆ ಮಾಳಿಗೆಯ ಮೇಲಿನ ಕೋಣೆಯಲ್ಲಿ ಮಲಗಿದ್ದ. ಹುಬ್ಬಳ್ಳಿಯಿಂದ ಡಾಕ್ಟರ್ ಮೋಟಾರಿನಲ್ಲಿ ಬರುತ್ತಿದ್ದ. ಅವನ ಉಚ್ಚೆಯ ಗಡಿಗೆ ಹೊತ್ತು ತಿಪ್ಪೆಗೆ ಚೆಲ್ಲಿದವನು ನಾನು. ಎಣ್ಣೆಯಂಥ ಹಳದಿ. ಅವನ ಮನೆಯವರು ಬರೆ ಹಾಕಿಸಿಕೊಳ್ಳುವವರಲ್ಲ, ಅದಕ್ಕೆ ಅವನ ಕೈ ಸ್ವಚ್ಛ.

ನಾನು ಬಾಯಿ ಮುಚ್ಚಿಕೊಂಡು ನಿಲ್ಲಬಹುದಿತ್ತು. ಅವನು ತನಗೇ ನೆನಪಿಲ್ಲದಂತೆ ನಟಿಸಿ ಕೊಡುತ್ತಿದ್ದ. ಮುಂದೆ ಏನಾದರೂ ಆದರೆ ದೇವರ ಮೇಲೆ ಹಾಕುತ್ತಿದ್ದ. ಅದು ನನಗೆ ಬೇಡವಾಗಿತ್ತು. ನನಗೆ ಗೊತ್ತಿದ್ದದ್ದು ಅವನಿಗೂ ಗೊತ್ತಿರಬೇಕು. ಕನಿಕರದಿಂದ ಹೇಳಿದೆ ಎಂದು ಯಾರೂ ತಿಳಿಯಬೇಡಿ.

"ಸುಳ್ಳರಿ ಸಾಹೇಬ್ರ," ಎಂದೆ. "ಗೌಡ್ರಿಗೆ ಆಗಿತ್ತು. ಆ ಗಡಿಗಿ ನಾ ಚೆಲ್ಲೇನಿ. ಹೇಳ್ರಿ ಗೌಡ್ರ. ನಿಮ್ಮ ಬಾಯಿಲೆ ಹೇಳ್ರಿ. ನಾ ಎರಡ ಸಲ ಹೇಳಿದ್ದೆ, ನಿಮ್ಮ ತಮ್ಮ ಹೊಡದ. ನಿಮ್ಮನ್ನ ಇಲ್ಲಿ ಯಾರೂ ಹೊಡಿಯಂಗಿಲ್ಲ."

ಗೌಡ ಒಳಗಿನ ಬಾಗಿಲ ಕಡೆ ನೋಡಿದ. ಡಾಕ್ಟರ್ ಕಾಯುತ್ತಿದ್ದ.

"ಆಗಿತ್ತು," ಎಂದ ಗೌಡ.

ಡಾಕ್ಟರ್ ಈ ಸಲ ಕನ್ನಡಕ ಒರೆಸಲಿಲ್ಲ. "ಹಾಕದಿದ್ದರ ಈಗ ಸಾಯೋದು ಖರೆ," ಎಂದ. "ಹಾಕಿದರ ಈಗ ಉಳೀತಾನ. ಮುಂದಿಂದು ನನಗ ಗೊತ್ತಿಲ್ಲ. ನೀವ ಹೇಳ್ರಿ. ಹಾಕಲೋ, ಬಿಡಲೋ?"

ಗೌಡ ನಮ್ಮ ಕಡೆ ತಿರುಗಿದ. ಹನ್ನೆರಡು ಜನರ ಮುಖ ನೋಡಿದ. ನಾವು ಅಂಗಿ ಹಾಕಿಕೊಳ್ಳುತ್ತಿದ್ದೆವು.

"ಹಾಕ್ರಿ," ಎಂದ.

ಪ್ರಭುಲಿಂಗಪ್ಪ ಉಳಿದ. ನಾನು ಗೌಡನ ಹೊಲ ಬಿಟ್ಟೆ. ಈಗ ರಾಜೂರ ರಸ್ತೆಯಲ್ಲಿ ಜಲ್ಲಿ ಒಡೆಯುತ್ತೇನೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿ ಗೌಡನ ಮನೆಯ ಮುಂದೆಯೇ ಹಾಯುತ್ತದೆ. ದಿನಾ ನೋಡುತ್ತೇನೆ. ಗೌಡ ಮಗನನ್ನು ಕಟ್ಟೆಯ ಮೇಲೆ ಬಿಸಿಲಿಗೆ ಕೂಡಿಸಿಕೊಂಡು, ಹೆಬ್ಬೆರಳಿನಿಂದ ಕಣ್ಣಿನ ರೆಪ್ಪೆ ಕೆಳಗೆಳೆದು ಒಳಗಿನ ಬಿಳುಪು ನೋಡುತ್ತಿರುತ್ತಾನೆ. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಬಿಸಿಲಿನ ಹಳದಿಯೋ ಕಣ್ಣಿನ ಹಳದಿಯೋ ತಿಳಿಯದೆ ನೆರಳಿಗೆ ಕರೆದೊಯ್ದು ಮತ್ತೆ ನೋಡುತ್ತಾನೆ. ಗೌಡನ ಮೈ ಅರ್ಧ ಇಳಿದುಹೋಗಿದೆ. ನನಗೆ ಕನಿಕರ ಬರಲಿಲ್ಲ. ಸುಳ್ಳೇಕೆ ಹೇಳಲಿ.

ಇವತ್ತಿಗೆ ನಲವತ್ತೊಂದು ದಿನ. ಬೆಳಿಗ್ಗೆ ಹಾದು ಹೋಗುವಾಗ ಗೌಡ ಕಟ್ಟೆಯಿಂದ ಇಳಿದು ಬಂದ. ಬರಿಗಾಲಲ್ಲಿ ರಸ್ತೆಯವರೆಗೂ ಬಂದ.

"ಉಡಚಪ್ಪಾ," ಎಂದ. "ಮಾನವ್ವಗ ಎಷ್ಟನೇ ದಿನಕ್ಕ ಕಾಣಿಸಿಕೊಂಡಿತ್ತೋ?"

ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

"ಎಂಬತ್ತನಾಲ್ಕು," ಎಂದು ಹೇಳಿ ಸುತ್ತಿಗೆ ಹೆಗಲಿಗೇರಿಸಿ ನಡೆದೆ.